ಅತ್ತೆಯ ತೊಂಬತ್ತು ದಿನ

ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಇಪ್ಪತ್ತೆಂಟು ಊಟದ ಡಬ್ಬಿಗಳಲ್ಲಿ ಹತ್ತೊಂಬತ್ತನ್ನು ತುಂಬಿ ಆದ ಮೇಲೆ, ಅತ್ತೆಯ ಕೈಯಿಂದ ಸೌಟು ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡರು. ಮತ್ತೆ ಬಿತ್ತು. ಮೂರನೆಯ ಸಲ ಎತ್ತಿಕೊಳ್ಳುವ ಬದಲು ಅದನ್ನೇ ದುರುಗುಟ್ಟಿ ನೋಡುತ್ತಾ ನಿಂತರು, ತಪ್ಪೆಲ್ಲ ಸೌಟಿನದೇ ಎಂಬಂತೆ.

ಸೊಸೆ ಮನೆಯಲ್ಲಿದ್ದದ್ದೇ ಆಕಸ್ಮಿಕ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಎಂಟು ವರ್ಷಗಳಿಂದ ಕಾರು ಕಲಿಸುವವಳು. ಅವತ್ತು ಹತ್ತು ಗಂಟೆಗೆ ಬರಬೇಕಿದ್ದವರು ಕೈಕೊಟ್ಟಿದ್ದರಿಂದ ಒಂದು ಲೋಟ ಟೀ ಕುಡಿದು ಹೋಗೋಣವೆಂದು ಬಂದಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಯ ಬಲಗೈಯನ್ನೇ ನೋಡಿದಳು. ಹೆದರಿ ನಡುಗುವ ಕೈಗಳನ್ನು ದಿನವೂ ಪಕ್ಕದಲ್ಲಿ ಕೂತು ನೋಡುವ ಅವಳಿಗೆ, ಇದು ಆ ಜಾತಿಯ ನಡುಕವಲ್ಲ ಎಂದು ಗೊತ್ತಾಯಿತು.

"ಅತ್ತೆ, ಒಂದ್ಸಲ ನಗಿ ನೋಡೋಣ."

"ನಗೋ ಅಂಥದ್ದು ಏನಾಗಿದೆ ಈಗ?"

ಹಾಗೆ ಕೇಳುವಾಗಲೇ ಬಾಯಿಯ ಒಂದು ಕೊನೆ ಕೆಳಗೆ ಎಳೆದುಕೊಂಡಿತ್ತು.

"ನಡೀರಿ, ಆಸ್ಪತ್ರೆಗೆ ಹೋಗೋಣ."

"ಇನ್ನೂ ಒಂಬತ್ತು ಡಬ್ಬಿ ಬಾಕಿ ಇದೆ."

"ಇರಲಿ ಬಿಡಿ."

"ಇರಲಿ ಅಂದ್ರೆ? ನಿಮ್ಮಪ್ಪ ಬಂದು ತುಂಬ್ತಾನಾ?"

ಅತ್ತೆ ಹೀಗೆಯೇ. ಗಂಡ ಹೋದ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಆಫೀಸುಗಳಿಗೆ ಊಟ ಕಳಿಸಲು ಶುರು ಮಾಡಿದವರು, ಇಪ್ಪತ್ತೆರಡು ವರ್ಷಗಳಲ್ಲಿ ಜ್ವರ ಬಂತೆಂದು ಒಂದು ದಿನವೂ ಒಲೆ ಆರಿಸಿರಲಿಲ್ಲ. ಅಡುಗೆಮನೆಯಲ್ಲಿ ಸೊಸೆಗೆ ಈರುಳ್ಳಿ ಹೆಚ್ಚುವಷ್ಟರ ಮಟ್ಟಿಗೆ ಪ್ರವೇಶವಿತ್ತು. ಅದರಲ್ಲೂ ಹೋಳು ದಪ್ಪವಾಯಿತೆಂಬ ದೂರು ತಪ್ಪುತ್ತಿರಲಿಲ್ಲ.

ಸೊಸೆ ಮಾತು ಬೆಳೆಸದೆ ಅವರ ತೋಳು ಹಿಡಿದು ಕರೆದುಕೊಂಡು ಹೋಗಿ ಸ್ಕೂಲಿನ ಕಾರಿನಲ್ಲಿ ಕೂರಿಸಿದಳು. ಕೂರಿಸಿದ್ದು ಕಲಿಸುವವರ ಸೀಟಿನಲ್ಲಿ. ಅಲ್ಲಿಯೂ ಒಂದು ಬ್ರೇಕಿರುತ್ತದೆ. ಆಸ್ಪತ್ರೆ ತಲುಪುವಷ್ಟರಲ್ಲಿ ಅತ್ತೆ ಎಡಗಾಲಿನಿಂದ ಅದನ್ನು ನಾಲ್ಕು ಸಲ ಒತ್ತಿದರು.

"ಅತ್ತೆ, ಕಾಲು ತೆಗೀರಿ!"

"ಏನು ಓಡಿಸ್ತೀಯೇ ನೀನು? ಇದೇನಾ ನೀನು ಊರಿಗೆಲ್ಲ ಕಲಿಸೋದು?"

ಅವರ ನಾಲಿಗೆ ತೊದಲುತ್ತಿತ್ತು. ಆದರೆ ಬೈಗುಳ ಪೂರ್ತಿ ಕೇಳಿಸುತ್ತಿದ್ದುದರಿಂದ ಸೊಸೆಗೆ ಸ್ವಲ್ಪ ಧೈರ್ಯ ಬಂತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಇದು ಸಣ್ಣ ಸ್ಟ್ರೋಕು ಎಂದರು. ಮೆದುಳಿನ ಒಂದು ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ, ಪೂರ್ತಿ ಅಡ್ಡಗಟ್ಟಿಲ್ಲ, ಪಕ್ಕದ ನಾಳಗಳಿಂದ ರಕ್ತ ಹರಿಯುತ್ತಿದೆ. ಮಾತ್ರೆ ಕೊಟ್ಟು ಕಾಯೋಣ. ಸಂಜೆ ಮಗ ಓಡಿಬಂದ. ಅವನು ಲಿಫ್ಟ್ ಮೆಕ್ಯಾನಿಕ್. ಮೊಣಕೈವರೆಗೆ ಗ್ರೀಸು ಬಳಿದುಕೊಂಡೇ ಬಂದು ಅಮ್ಮನ ಮಂಚದ ಅಂಚಿನಲ್ಲಿ ಕೂತ. ಅತ್ತೆ ಮೊದಲು ಹೇಳಿದ್ದು, "ಹಾಸಿಗೆ ಕೊಳೆಯಾಗುತ್ತೆ, ಏಳು." ಬೇರೆ ಊರಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಮಗಳು ಫೋನಿನಲ್ಲೇ ಅತ್ತು, ಶನಿವಾರ ಬೆಳಿಗ್ಗೆಯ ಮೊದಲ ಬಸ್ಸಿಗೆ ಹೊರಡುತ್ತೇನೆಂದಳು. ಎಲ್ಲರೂ ಹಗುರಾದರು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಸೊಸೆ ಗಂಜಿ ತಂದಳು. ಮೂರು ಚಮಚ ಕುಡಿದು ಅತ್ತೆ, "ಇದಕ್ಕೆ ಉಪ್ಪು..." ಎಂದರು. ಅಷ್ಟೇ. ಮುಂದಿನ ಪದ ಬರಲಿಲ್ಲ. ಗಂಜಿ ತುಟಿಯ ಬಲಬದಿಯಿಂದ ಇಳಿಯಿತು. ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಮತ್ತೆ ಸ್ಕ್ಯಾನ್ ಆಯಿತು. ಕನ್ನಡಕದ ಡಾಕ್ಟರಮ್ಮ ಸೊಸೆಯನ್ನು ಕಾರಿಡಾರಿನ ಕಿಟಕಿಯ ಹತ್ತಿರ ಕರೆದರು.

"ಹೆಪ್ಪು ಗಟ್ಟಿಯಾಗಿ ಅಡ್ಡ ಕೂತಿದೆ. ಸ್ಟ್ರೋಕು ಹೆಚ್ಚಾಗ್ತಾ ಇದೆ. ನಮ್ಮಲ್ಲಿ ಚಿಕಿತ್ಸೆ ಬಗ್ಗೆ ಒಂದು ಪರೀಕ್ಷೆ ನಡೀತಾ ಇದೆ, ಅದಕ್ಕೆ ಇವರನ್ನ ಸೇರಿಸಬಹುದಾ ಅಂತ ಕೇಳೋಕೆ ಕರೆದೆ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ಬಿಟ್ಟು, ತಲೆವರೆಗೆ ಒಯ್ದು, ಹೆಪ್ಪನ್ನ ಎಳೆದು ತೆಗೆಯೋದು. ತಲೆ ಕೊಯ್ಯೋದಿಲ್ಲ."

"ಹಾಗಾದ್ರೆ ಮಾಡಿ. ಕೇಳೋದೇನಿದೆ?"

"ಕೇಳಲೇಬೇಕು. ಶುರುವಿಂದಲೇ ದೊಡ್ಡ ಸ್ಟ್ರೋಕ್ ಆದವರಿಗೆ ಇದರಿಂದ ಅನುಕೂಲ ಅಂತ ಗೊತ್ತಾಗಿದೆ. ಸಣ್ಣದಾಗಿ ಶುರುವಾಗಿ ಆಮೇಲೆ ಹೆಚ್ಚಾದವರಿಗೆ ಮಾತ್ರೆಗಿಂತ ಇದು ಒಳ್ಳೇದಾ, ಯಾರಿಗೂ ಗೊತ್ತಿಲ್ಲ. ಹೆಪ್ಪು ತೆಗೀವಾಗ ಒಳಗೆ ರಕ್ತಸ್ರಾವ ಆಗಬಹುದು. ಅದಕ್ಕೇ ಪರೀಕ್ಷೆ. ಅರ್ಧ ಜನಕ್ಕೆ ಹೆಪ್ಪು ತೆಗೀತೀವಿ, ಅರ್ಧ ಜನಕ್ಕೆ ಔಷಧಿಯಲ್ಲೇ ನೋಡ್ಕೋತೀವಿ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಹೇಳುತ್ತೆ. ನಾನಲ್ಲ, ನೀವಲ್ಲ."

"ನಿಮ್ಮ ತಾಯಿ ಆಗಿದ್ರೆ ಏನು ಮಾಡ್ತಿದ್ರಿ?"

ಡಾಕ್ಟರಮ್ಮ ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. "ನನಗೆ ಗೊತ್ತಿದ್ದಿದ್ರೆ ನಿಮ್ಮನ್ನ ಕೇಳ್ತಾನೇ ಇರಲಿಲ್ಲ. ಒಪ್ಪದಿದ್ರೂ ನಾವು ಬಿಟ್ಟುಬಿಡಲ್ಲ, ಔಷಧಿ ನಡೆಯುತ್ತೆ. ಆದ್ರೆ ಬೇಗ ಹೇಳಿ. ನಿಮಿಷ ನಿಮಿಷಕ್ಕೂ ಮೆದುಳು ಸ್ವಲ್ಪ ಸ್ವಲ್ಪ ಹೋಗ್ತಾ ಇದೆ."

ಸೊಸೆ ಗಂಡನಿಗೆ ಫೋನು ಮಾಡಿದಳು. ಅವನು ಹನ್ನೆರಡು ಮಹಡಿಯ ಕಟ್ಟಡದಲ್ಲಿ, ಲಿಫ್ಟು ಓಡುವ ಬಾವಿಯಲ್ಲಿ, ಪೆಟ್ಟಿಗೆಯ ಕೆಳಗೆ ನಿಂತಿದ್ದ. ಅಲ್ಲಿ ಸಿಗ್ನಲ್ ಇರುವುದಿಲ್ಲ. ನಾದಿನಿಗೆ ಮಾಡಿದಳು. ಕ್ಲಿನಿಕ್ಕಿನಲ್ಲಿ ಫೋನು ಲಾಕರಿನಲ್ಲಿಡಬೇಕೆಂಬ ನಿಯಮ. ಎರಡೆರಡು ಸಲ ಮಾಡಿದಳು. ಗಂಡನ ಕಂಪನಿಗೂ ಮಾಡಿದಳು. "ಹೊರಗೆ ಬಂದ ತಕ್ಷಣ ಹೇಳ್ತೀವಿ ಮೇಡಂ" ಎಂದರು.

ಒಳಗೆ ಹೋಗಿ ಅತ್ತೆಯ ಮುಖದ ಮೇಲೆ ಬಾಗಿ, ಡಾಕ್ಟರು ಹೇಳಿದ್ದನ್ನೆಲ್ಲ ಇದ್ದಂತೆಯೇ ಹೇಳಿದಳು. "ರುಜು ಹಾಕಲಾ ಅತ್ತೆ?"

ಅತ್ತೆ ಅವಳನ್ನೇ ನೋಡಿದರು. ಗಂಟಲು ಅಲುಗಿತು. "...ಆಕು."

"ಹಾಕು ಅಂದ್ರಾ?"

ಅತ್ತೆ ಕಣ್ಣು ಮುಚ್ಚಿದರು.

ಸೊಸೆ ಹೊರಬಂದು ಕಾಗದ ಓದಿ, ಸಹಿ ಹಾಕಿದಳು. ಡಾಕ್ಟರಮ್ಮ ಕೋಣೆಯ ಕಂಪ್ಯೂಟರಿನಲ್ಲಿ ಏನೇನೋ ತುಂಬಿ ಒಂದು ಗುಂಡಿ ಒತ್ತಿದರು. ಅರ್ಧ ನಿಮಿಷವೂ ಆಗಲಿಲ್ಲ.

"ಔಷಧಿ" ಎಂದರು.

"ಅಂದ್ರೆ?"

"ಇವರಿಗೆ ಔಷಧಿ ಗುಂಪು ಬಂದಿದೆ. ಹೆಪ್ಪು ತೆಗೆಯೋದಿಲ್ಲ."

ಸೊಸೆ ಪರದೆಯ ಕಡೆ ಬಾಗಿದಳು. "ಇನ್ನೊಂದ್ಸಲ ಒತ್ತಿ ನೋಡಿ ಡಾಕ್ಟ್ರೇ."

"ಹಾಗೆ ಮಾಡೋ ಹಾಗಿಲ್ಲಮ್ಮ" ಎಂದರು ಅವರು ಮೆಲ್ಲಗೆ. ಬೇರೆಯವರೂ ಈ ಮಾತನ್ನು ಅವರ ಹತ್ತಿರ ಹೇಳಿದ್ದಿರಬೇಕು.

ಗಂಡ ಹತ್ತೂಕಾಲಿಗೆ ಫೋನು ಮಾಡಿದ. ಎಲ್ಲ ಕೇಳಿ, "ನೀನು ಸರಿಯಾಗೇ ಮಾಡಿದೀಯ ಬಿಡು" ಎಂದ. ಆ 'ಬಿಡು' ಎಂಬುದು ಅವಳ ಕಿವಿಯಲ್ಲಿ ಬಹಳ ಹೊತ್ತು ಕೂತಿತ್ತು.

ನಾದಿನಿ ಶನಿವಾರ ಬಂದಳು. ಬಂದವಳೇ ಅಮ್ಮನ ಕಾಲು ಹಿಡಿದು ಅತ್ತಳು. ಅತ್ತು ಮುಗಿದ ಮೇಲೆ ವಿಚಾರಿಸಿದಳು. ಸೊಸೆಯ ದುರದೃಷ್ಟಕ್ಕೆ, ಪಕ್ಕದ ಹಾಸಿಗೆಗೆ ಅದೇ ಹೊತ್ತಿಗೆ ಒಬ್ಬ ನಿವೃತ್ತ ಅಂಚೆಯವರು ಬಂದಿದ್ದರು. ಅವರದೂ ಅದೇ ಕಾಯಿಲೆ, ಅದೇ ಪರೀಕ್ಷೆ. ಅವರಿಗೆ ಕಂಪ್ಯೂಟರ್ ಹೆಪ್ಪು ತೆಗೆಯುವುದನ್ನು ಕೊಟ್ಟಿತ್ತು. ಮಧ್ಯಾಹ್ನ ಒಳಗೆ ಕರೆದೊಯ್ದರು. ಭಾನುವಾರ ಬೆಳಿಗ್ಗೆ ಅಂಚೆಯವರು ಸೋತ ಕೈಯನ್ನು ಎತ್ತಿ, ಬ್ರೆಡ್ಡು ಮುರಿದು, ಟೀಯಲ್ಲಿ ಅದ್ದಿ ತಿಂದರು. ಅವರ ಹೆಂಡತಿ ಆ ಕೈಗೆ ಮುತ್ತಿಟ್ಟರು.

ನಾದಿನಿ ಸೊಸೆಯನ್ನು ಮೆಟ್ಟಿಲ ಹತ್ತಿರ ಹಿಡಿದಳು.

"ಅತ್ತಿಗೆ, ನಮ್ಮಮ್ಮನ ಮೇಲೆ ಚೀಟಿ ಎತ್ತಿಸಿದ್ರಾ?"

"ಚೀಟಿ ಅಲ್ಲ. ಡಾಕ್ಟ್ರಿಗೇ ಯಾವುದು ಒಳ್ಳೇದು ಅಂತ..."

"ಕಣ್ಣಾರೆ ಕಾಣ್ತಾ ಇದೆಯಲ್ಲ ಯಾವುದು ಒಳ್ಳೇದು ಅಂತ! ಆ ಮನುಷ್ಯ ಬ್ರೆಡ್ಡು ತಿಂತಿದಾನೆ, ನಮ್ಮಮ್ಮನಿಗೆ ಮೂಗಲ್ಲಿ ಟ್ಯೂಬು!"

"ರುಜು ಹಾಕದಿದ್ರೂ ಇದೇ ಔಷಧಿ ಕೊಡ್ತಿದ್ದಿದ್ದು."

"ಜಗಳ ಆಡಿ ಮಾಡಿಸಬೇಕಿತ್ತು. ಬೇರೆ ಆಸ್ಪತ್ರೆಗೆ ಒಯ್ಯಬೇಕಿತ್ತು. ನಿಮ್ಮಮ್ಮ ಆಗಿದ್ರೆ ಒಂದು ಕಂಪ್ಯೂಟರಿನ ಮಾತು ಕೇಳಿ ಸುಮ್ಮನೆ ಕೂರ್ತಿದ್ರಾ?"

"ಅತ್ತೆನೇ ಹಾಕು ಅಂದ್ರು."

"ಹಾಕು ಅಂದ್ರೋ, ಸಾಕು ಅಂದ್ರೋ?"

ಅಲ್ಲಿಯವರೆಗೆ ಸೊಸೆಗೆ ಆ ಅನುಮಾನವೇ ಬಂದಿರಲಿಲ್ಲ. ಈಗ ಬಂದದ್ದು ಹೋಗಲೂ ಇಲ್ಲ.

ಅವಳ ಅಣ್ಣ ಮಧ್ಯೆ ಬಂದು, "ಅಂಚೆಯವರ ಮಾತು ಬೇರೆ, ಅಮ್ಮನ ಮಾತು ಬೇರೆ. ಇಬ್ಬರನ್ನ ನೋಡಿ ಏನೂ ಹೇಳೋಕಾಗಲ್ಲ ಅಂತ ಡಾಕ್ಟ್ರು ಅಂದ್ರು. ನೂರಾರು ಜನರನ್ನ ನೋಡ್ಬೇಕಂತೆ" ಎಂದ.

"ನನಗೆ ಇರೋದು ಒಬ್ಬಳೇ ಅಮ್ಮ" ಎಂದಳು ನಾದಿನಿ.

ಹನ್ನೊಂದನೆಯ ದಿನ ಅತ್ತೆ ಮನೆಗೆ ಬಂದರು. ಮೂಗಿನ ಟ್ಯೂಬು ಹೋಗಿತ್ತು. ಒಬ್ಬರು ಹಿಡಿದುಕೊಂಡರೆ ಹತ್ತು ಹೆಜ್ಜೆ ನಡೆಯುತ್ತಿದ್ದರು. ಬಲಗೈಯ ಬೆರಳುಗಳು ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತಿದ್ದವು. ಮಾತು ಒಂದೊಂದೇ ಪದ, ಅದೂ ತಪ್ಪು ಪದ.

ಇಪ್ಪತ್ತೆಂಟು ಡಬ್ಬಿಗಳು ಅಟ್ಟ ಸೇರಿದವು. ಡಬ್ಬಿ ಒಯ್ಯುತ್ತಿದ್ದ ವ್ಯಾನಿನವರು ಎರಡು ದಿನ ಬಾಗಿಲಿಗೆ ಬಂದು ವಿಚಾರಿಸಿ, ಮೂರನೆಯ ದಿನ ಬೀದಿಯಿಂದಲೇ ಕೈಯೆತ್ತಿ ಹೋದರು. ಮನೆಯವರಿಗೆ ಆಗ ಗೊತ್ತಾದ ವಿಷಯವೆಂದರೆ, ಈ ಮನೆಯಲ್ಲಿ ಅತ್ತೆಯ ಹೊರತು ಯಾರಿಗೂ ಅಡುಗೆ ಬರುವುದಿಲ್ಲ. ಡಬ್ಬಿಗೆ ಮಾಡಿದ್ದರಲ್ಲೇ ಇಷ್ಟು ವರ್ಷ ಎಲ್ಲರೂ ಉಂಡಿದ್ದರು.

ಕೆಲಸ ಹಂಚಿಕೊಂಡರು. ಬೆಳಗಿನ ಪಾಠಗಳನ್ನು ಸೊಸೆ ಬಿಟ್ಟುಕೊಟ್ಟಳು. ಅತ್ತೆಯ ಸ್ನಾನ, ತಿಂಡಿ, ಮಾತ್ರೆ, ನಡಿಗೆ ಅವಳ ಪಾಲಿಗೆ. ಪಾತ್ರೆ, ಬಟ್ಟೆ ಗಂಡನಿಗೆ. ರಾತ್ರಿಯ ಅನ್ನವೂ ಅವನದೇ. ಅದು ಒಂದು ದಿನ ಅಂಟು, ಒಂದು ದಿನ ಅಕ್ಕಿ. ಅಜ್ಜಿಗೆ ಮಾತು ಕಲಿಸುವ ಕೆಲಸ ಮೊಮ್ಮಗಳಿಗೆ. ಹನ್ನೆರಡು ವರ್ಷದ ಆ ಹುಡುಗಿ ಬಾಯಿ ತೆರೆದರೆ ನಿಲ್ಲುವುದಿಲ್ಲವೆಂದು ಅಜ್ಜಿಯೇ ಅವಳಿಗೆ ಚಿನಕುರುಳಿ ಎಂದು ಹೆಸರಿಟ್ಟಿದ್ದರು. ಸ್ಕೂಲಿನಿಂದ ಬಂದವಳು ಅಡುಗೆಮನೆಯ ಸಾಮಾನನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದಳು.

"ಅಜ್ಜಿ, ಇದೇನು?"

"ಬಾಗಿಲು."

"ಚಮಚ ಅಜ್ಜಿ. ಇದು?"

"ಚಮಚ."

"ಇದು ಲೋಟ! ಈಗ ಇವರು ಯಾರು ಹೇಳಿ?" ಎಂದು ಅಮ್ಮನ ಕಡೆ ತೋರಿಸಿದಳು.

ಅತ್ತೆ ಬಹಳ ಹೊತ್ತು ಯೋಚಿಸಿದರು. "ಕುಕ್ಕರ್."

ಚಿನಕುರುಳಿ ನೆಲಕ್ಕೆ ಬಿದ್ದು ನಕ್ಕಳು. ಗಂಡನೂ ನಕ್ಕ. ಸೊಸೆಗೂ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. ತಪ್ಪಾಯಿತೆಂದು ಅವರಿಗೆ ಗೊತ್ತಾಗಿತ್ತು. ಎಡಗೈಯಿಂದ ಲೋಟ ಚಮಚಗಳನ್ನೆಲ್ಲ ಒಮ್ಮೆಲೇ ಮೇಜಿನಿಂದ ತಳ್ಳಿಬಿಟ್ಟರು. ಹುಡುಗಿ ಒಂದೊಂದನ್ನೇ ಹೆಕ್ಕಿ ಮತ್ತೆ ಸಾಲಾಗಿ ಇಟ್ಟಳು. "ಸರಿ. ಮತ್ತೆ ಮೊದಲಿಂದ. ಇದೇನು?"

ನಾದಿನಿ ಪ್ರತಿ ಶನಿವಾರ ಬರುತ್ತಿದ್ದಳು. ಬಂದಾಗಲೆಲ್ಲ ಮನೆಯನ್ನು ಒಂದು ಸುತ್ತು ಹಾಕುವಳು: ಹೊದಿಕೆ ಒಗೆದು ಎಷ್ಟು ದಿನವಾಯಿತು, ಅಮ್ಮನ ಉಗುರು ಏಕೆ ಇಷ್ಟುದ್ದ. ಸೊಸೆ ಮರು ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ ತಡೆಯಲಾರದೆ, "ಉಗುರು ತೆಗೆಯೋಕೆ ನಿನಗೂ ಕೈ ಇದೆಯಲ್ಲಮ್ಮ" ಎಂದಳು. ಅವತ್ತು ಮಧ್ಯಾಹ್ನ ಐದೂ ಜನ ತಟ್ಟೆಯಿಂದ ಕಣ್ಣೆತ್ತದೆ ಆಲೂಗಡ್ಡೆ ತಿಂದರು.

ನಿಜವಾಗಿ ಇಬ್ಬರೂ ಒಂದಕ್ಕೇ ಕಾಯುತ್ತಿದ್ದರು: ಅತ್ತೆಗೆ ಮಾತು ಬರಲಿ, ಅವತ್ತು ಅಂದದ್ದು ಹಾಕು ಎಂದೋ ಸಾಕು ಎಂದೋ ಅವರೇ ಹೇಳಲಿ. ಆರನೆಯ ವಾರದ ಹೊತ್ತಿಗೆ ಪದಗಳು ಸಾಲುಗೂಡತೊಡಗಿದವು. ಒಂದು ಶನಿವಾರ ಊಟದ ನಡುವೆ ನಾದಿನಿಯೇ ಕೇಳಿದಳು.

"ಅಮ್ಮಾ, ಆಸ್ಪತ್ರೆಲಿ ಅತ್ತಿಗೆ ರುಜು ಹಾಕಲಾ ಅಂತ ಕೇಳಿದಾಗ ನೀನು ಏನಂದೆ? ಹಾಕು ಅಂದ್ಯೋ, ಸಾಕು ಅಂದ್ಯೋ?"

ಸೊಸೆಯ ಕೈಯ ತುತ್ತು ತಟ್ಟೆಯಲ್ಲೇ ಉಳಿಯಿತು.

ಅತ್ತೆ ಅಗಿಯುವುದನ್ನು ಮುಗಿಸಿ, ನೀರು ಕುಡಿದು, "ನೆನಪಿಲ್ಲ" ಎಂದರು.

"ಸ್ವಲ್ಪನಾದ್ರೂ?"

"ಗಂಜಿ... ನೆನಪಿದೆ. ಉಪ್ಪಿರಲಿಲ್ಲ."

ಮಗ ಕೆಮ್ಮಿ ನಗು ಮುಚ್ಚಿಕೊಂಡ. ಅತ್ತೆಯ ಬಾಯಿಂದ ಅದಕ್ಕಿಂತ ಹೆಚ್ಚು ಯಾರಿಗೂ ಸಿಗಲಿಲ್ಲ. ಅವತ್ತು ಸೊಸೆ ಪಾತ್ರೆ ತೊಳೆಯುವ ಸರದಿ ತನ್ನದಲ್ಲದಿದ್ದರೂ ತೊಳೆದಳು, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು.

ಅರವತ್ತನೆಯ ದಿನದ ಆಸುಪಾಸಿನಲ್ಲಿ ಒಂದು ಮಧ್ಯಾಹ್ನ, ಸೊಸೆ ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ದಡಾರೆಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಅತ್ತೆ ಗೋಡೆಗೆ ಒರಗಿ ನಿಂತಿದ್ದಾರೆ. ಡಬ್ಬಿಯ ಅನ್ನ ಮಾಡುತ್ತಿದ್ದ ದೊಡ್ಡ ಪಾತ್ರೆ ಬೋರಲು ಬಿದ್ದಿದೆ. ತೊಳೆದ ಅಕ್ಕಿ, ನೀರು, ಬಾಗಿಲವರೆಗೆ. ಒಲೆ ಉರಿಯುತ್ತಿದೆ. ಸೀರೆಯ ಅಂಚು ಒದ್ದೆಯಾಗಿದೆ, ಸದ್ಯ ಅದು ತಣ್ಣೀರು.

ಸೊಸೆ ಮೊದಲು ಒಲೆ ಆರಿಸಿದಳು.

"ಏಳು ಡಬ್ಬಿಗೆ ಆಗೋಷ್ಟು" ಎಂದರು ಅತ್ತೆ. "ಏಳೇ ಡಬ್ಬಿ. ಅಷ್ಟನ್ನಾದ್ರೂ ಮಾಡ್ತೀನಿ ಅಂತ..." ಅವರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಸೊಸೆ ಅವರ ಕಣ್ಣಲ್ಲಿ ನೀರು ಕಂಡದ್ದು ಈರುಳ್ಳಿಗೆ ಮಾತ್ರ. ಏನು ಮಾಡಬೇಕೆಂದು ತೋಚದೆ ನೆಲಕ್ಕೆ ಕೂತು ಅಕ್ಕಿ ಬಳಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಅತ್ತೆಯೂ ಗೋಡೆ ಹಿಡಿದು ಜಾರಿ ಕೂತು, ಎಡಗೈಯಿಂದ ಬಳಿದರು. ಇಬ್ಬರೂ ಅರ್ಧ ಗಂಟೆ ಅದನ್ನೇ ಮಾಡಿದರು.

"ನನ್ನ ಮಗನಿಗೆ ಹೇಳಬೇಡ" ಎಂದರು ಅತ್ತೆ.

"ಹೇಳಲ್ಲ."

"ಮಗಳಿಗಂತೂ ಹೇಳಲೇಬೇಡ."

"ಇಲ್ಲ ಅತ್ತೆ."

ಆ ಅಕ್ಕಿ ವಿಷಯ ಸೊಸೆ ಗಂಡನಿಗೂ ಹೇಳಲಿಲ್ಲ. ಆದರೆ ಪಾಠ ಹೇಳುವಾಗ, ಸಿಗ್ನಲ್ಲಿನಲ್ಲಿ ಕಾಯುವಾಗ, ಅದೇ ಕಣ್ಣೆದುರಿಗೆ ಬರುತ್ತಿತ್ತು. ಪಕ್ಕದ ಹಾಸಿಗೆಯ ಅಂಚೆಯವರೂ ಬರುತ್ತಿದ್ದರು, ಬ್ರೆಡ್ಡಿನ ಸಮೇತ. ಅವರ ಜಾಗದಲ್ಲಿ ಅತ್ತೆ ಇದ್ದಿದ್ದರೆ? ಒಂದು ದಿನ ಈ ಯೋಚನೆಯಲ್ಲೇ, ಕಲಿಯುವವರು ಸರಿಯಾಗಿ ಓಡಿಸುತ್ತಿದ್ದಾಗಲೇ ಬ್ರೇಕು ಒತ್ತಿಬಿಟ್ಟಳು. "ಏನಾಯ್ತು ಮೇಡಂ?" ಎಂದು ಅವರು ಗಾಬರಿಯಾದರು. "ಏನಿಲ್ಲ. ನಿಮ್ಮದೇನೂ ತಪ್ಪಿಲ್ಲ" ಎಂದಳು.

ಆಸ್ಪತ್ರೆಯಿಂದ ಫೋನು ಬಂತು. ತೊಂಬತ್ತು ದಿನ ತುಂಬಿದ ವಾರ ಮನೆಗೆ ಬಂದು ಕೆಲವು ಪ್ರಶ್ನೆ ಕೇಳುತ್ತಾರೆ. ಬರುವ ನರ್ಸಿಗೆ ಅತ್ತೆಗೆ ಯಾವ ಚಿಕಿತ್ಸೆ ಆಯಿತೆಂದು ಗೊತ್ತಿರುವುದಿಲ್ಲ, ನೀವೂ ಹೇಳಕೂಡದು. ಗೊತ್ತಾದರೆ ಅವರ ಮನಸ್ಸು ಒಂದು ಕಡೆ ವಾಲಬಹುದು. ಶನಿವಾರ, ಮಧ್ಯಾಹ್ನ ಎರಡಕ್ಕೆ.

ಶುಕ್ರವಾರದಿಂದಲೇ ಮನೆಯಲ್ಲಿ ಪರೀಕ್ಷೆಯ ಹಿಂದಿನ ದಿನದ ವಾತಾವರಣ. ಗಂಡ ನಡುಮನೆ ಗುಡಿಸಿದ. "ಅಮ್ಮ ಎಷ್ಟು ಸುಧಾರಿಸಿದಾರೆ ಅಂತ ಅವರು ನೋಡ್ಲಿ" ಎಂದ. ಸೊಸೆ ಇಸ್ತ್ರಿ ಮಾಡಿದ ಸೀರೆ ತೆಗೆದಿಟ್ಟಳು. ಅವಳ ಮನಸ್ಸಿನಲ್ಲಿ ಇದ್ದದ್ದು ಬೇರೆ: ನಾಳೆ ಆ ನರ್ಸು, ಇವರು ಪೂರ್ತಿ ಚೆನ್ನಾಗಿದ್ದಾರೆ ಎಂದು ಒಂದು ಕಾಗದದಲ್ಲಿ ಬರೆದುಬಿಟ್ಟರೆ ಸಾಕು. ಮೆಟ್ಟಿಲ ಹತ್ತಿರ ನಾದಿನಿ ಕೇಳಿದ ಪ್ರಶ್ನೆಗೆ ಅದೇ ಉತ್ತರವಾಗುತ್ತದೆ. ಹಾಗೆ ಬರೆಸುವುದು ತನ್ನ ಕೈಯಲ್ಲೇ ಇದೆ ಎಂಬುದೂ ಅವಳಿಗೆ ಗೊತ್ತಿತ್ತು.

ಶನಿವಾರ ಬಂದ ನರ್ಸಿಗೆ ಮೂವತ್ತರ ಆಸುಪಾಸು. ಮುಖ ತುಂಬ ಬೆವರು. ನೀರು ಕೇಳಿ ಕುಡಿದು, ಚೀಲದಿಂದ ಹಾಳೆ ತೆಗೆದು ಅತ್ತೆಯ ಎದುರು ಕೂತರು. ಸುತ್ತ ಇಡೀ ಸಂಸಾರ.

"ಅಮ್ಮಾ, ನೀವೇ ನಡೀತೀರಾ?"

"ಆರಾಮಾಗಿ ನಡೀತಾರೆ" ಎಂದ ಮಗ.

"ಗೋಡೆ ಹಿಡ್ಕೊಂಡು" ಎಂದಳು ನಾದಿನಿ.

"ಮನೆಯೊಳಗೆ ಹಿಡ್ಕೊಳ್ಳಲ್ಲ" ಎಂದಳು ಸೊಸೆ.

ನರ್ಸು ಪೆನ್ನು ಎತ್ತಿದರು. "ಅವರೇ ಹೇಳಲಿ."

"ಮನೆಯೊಳಗೆ... ನಡೀತೀನಿ" ಎಂದರು ಅತ್ತೆ. "ಬೀದಿಗೆ ಒಬ್ಬರು ಬೇಕು."

"ಸ್ನಾನ, ಬಟ್ಟೆ?"

"ನಾನೇ. ಗುಂಡಿ ಹಾಕೋಕೆ, ಸೆರಗು ಪಿನ್ನು ಮಾಡೋಕೆ ಇವಳು."

"ಮೊದಲು ಮಾಡ್ತಿದ್ದ ಕೆಲಸ ಎಲ್ಲ ಈಗಲೂ ಮಾಡ್ತೀರಾ?"

"ಅಡುಗೆ ಶುರು ಮಾಡಿದಾರೆ" ಎಂದಳು ಸೊಸೆ ಬೇಗ. ಆಡಿದ ಮೇಲೆ ತನ್ನ ದನಿಯೇ ಅವಳಿಗೆ ಎತ್ತರವಾಗಿ ಕೇಳಿಸಿತು. "ನಿಧಾನ, ಆದರೆ ಹೆಚ್ಚುಕಮ್ಮಿ ಮೊದಲಿನ ಹಾಗೇ..."

"ಅತ್ತಿಗೆ!" ಎಂದಳು ನಾದಿನಿ. "ಅಮ್ಮನ ಕೈಲಿ ಏನೂ ಆಗಲ್ಲ. ಬರ್ಕೊಳ್ಳಿ ಸಿಸ್ಟರ್, ಏನೂ ಆಗಲ್ಲ. ಮಲಗಿದ ಕಡೆಯೇ ಇರ್ತಾಳೆ."

"ಮಲಗಿದ ಕಡೆನಾ? ವಾರಕ್ಕೊಂದು ದಿನ ಬರೋ ನಿನಗೇನು ಗೊತ್ತು?" ಅಣ್ಣನ ದನಿ ಏರಿತು.

"ಸುಮ್ಮನಿರಿ" ಎಂದರು ಅತ್ತೆ.

ಮೂರು ತಿಂಗಳಲ್ಲಿ ಅವರ ದನಿ ಹಳೆಯ ಗಡಸಿನಲ್ಲಿ ಕೇಳಿಸಿದ್ದು ಅದೇ ಮೊದಲು.

"ಎರಡೂ ಸುಳ್ಳು" ಎಂದರು. "ಇವಳದೂ ಸುಳ್ಳು, ಅವಳದೂ ಸುಳ್ಳು. ನೀವು ಬರ್ಕೊಳ್ಳಿ. ಇಪ್ಪತ್ತೆಂಟು ಜನಕ್ಕೆ ಊಟ ಕಳಿಸ್ತಿದ್ದೆ. ಈಗ ಆಗಲ್ಲ. ಪಾತ್ರೆ ಎತ್ತೋಕೆ ಹೋಗಿ... ಅಕ್ಕಿಯೆಲ್ಲ ಚೆಲ್ಲಿದೆ. ಒಲೆ ಉರೀತಿತ್ತು. ಈ ಹುಡುಗಿ ಬರದಿದ್ರೆ ಏನಾಗ್ತಿತ್ತೋ."

ಮಗ ಹೆಂಡತಿಯ ಕಡೆ ನೋಡಿದ. ನಾದಿನಿಯೂ ನೋಡಿದಳು. ಸೊಸೆ ನೆಲ ನೋಡಿದಳು.

"ಮಾತು... ಹುಡುಕಬೇಕು. ಸಿಗುತ್ತೆ, ಹೊತ್ತಾಗುತ್ತೆ. ಈ ಕೈಲಿ ಬರೆಯೋಕೆ ಆಗಲ್ಲ. ಎಡಗೈಲಿ ಊಟ ಮಾಡ್ತೀನಿ. ಮಾತ್ರೆ ನಾನೇ ತಗೋತೀನಿ, ಮರೆಯಲ್ಲ. ಹಾಸಿಗೆ ನಾನೇ ಸರಿಮಾಡ್ತೀನಿ."

"ಒಂದು ವಾರ ನಿಮ್ಮನ್ನ ಒಬ್ಬರನ್ನೇ ಮನೇಲಿ ಬಿಟ್ಟರೆ ಇರ್ತೀರಾ?"

ಇಪ್ಪತ್ತೆರಡು ವರ್ಷ ಯಾರನ್ನೂ ಏನೂ ಕೇಳದೆ ಬದುಕಿದ ಹೆಂಗಸು ಆ ಪ್ರಶ್ನೆಯನ್ನು ತನ್ನೊಳಗೆ ತೂಗಿ ನೋಡುವುದು ಎಲ್ಲರಿಗೂ ಕಾಣುತ್ತಿತ್ತು. ಸೊಸೆ ಮನಸ್ಸಿನಲ್ಲೇ, ಹೂಂ ಅನ್ನಿ ಅತ್ತೆ, ಹೂಂ ಅನ್ನಿ, ಎಂದುಕೊಂಡಳು.

"ಇಲ್ಲ" ಎಂದರು ಅತ್ತೆ. "ಒಂದು ದಿನ ಇರ್ತೀನಿ. ವಾರ ಆಗಲ್ಲ."

ನರ್ಸು ಬರೆದುಕೊಂಡರು. ಹಾಳೆ ತಿರುವಿ ಇನ್ನೂ ಹತ್ತು ಹನ್ನೆರಡು ಪ್ರಶ್ನೆ ಕೇಳಿದರು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಅತ್ತೆಯೇ, "ಇದೆಲ್ಲ ಸರಿಯಾಗಿ ಬರೀರಿ. ಯಾಕಂದ್ರೆ ನನಗೆ ಬರೀ ಮಾ..." ಎನ್ನುವಷ್ಟರಲ್ಲಿ ಚಿನಕುರುಳಿ ಹಾರಿ ಬಂದು ಅಜ್ಜಿಯ ಬಾಯಿ ಮುಚ್ಚಿದಳು.

"ಹೇಳೋ ಹಾಗಿಲ್ಲ ಅಜ್ಜಿ!"

ನರ್ಸು ಎರಡೂ ಕಿವಿ ಮುಚ್ಚಿಕೊಂಡು, "ನಾನೇನೂ ಕೇಳಿಸ್ಕೊಳ್ಳಲಿಲ್ಲ" ಎಂದು ನಕ್ಕು, ಚೀಲ ಹೆಗಲಿಗೇರಿಸಿ ಹೊರಟರು.

ಅವರು ಬೀದಿಯ ತಿರುವು ದಾಟುವವರೆಗೂ ಕಾದು ಅತ್ತೆ ಬಾಯಿಬಿಟ್ಟರು. "ನನಗೆ ಮಾತ್ರೆ ಕೊಟ್ಟರು. ನಾನು ಪೂರ್ತಿ ಸರಿಹೋಗಿದೀನಿ ಅಂತ ಬರೆಸಿದ್ರೆ, ನಾಳೆ ಹೀಗೇ ಆದ ಇನ್ನೊಬ್ಬಳಿಗೆ ಮಾತ್ರೆನೇ ಸಾಕು ಅಂತಾರೆ. ಏನೂ ಆಗಲ್ಲ ಅಂತ ಬರೆಸಿದ್ರೂ ತಪ್ಪೇ. ನಿಮ್ಮಿಬ್ಬರ ಜಗಳಕ್ಕೆ... ಅವಳ ತಲೆ ಯಾಕೆ ಹೋಗಬೇಕು?"



ನಾದಿನಿ ಅತ್ತಿಗೆಯ ಕಡೆ ತಿರುಗಿ, "ಅಕ್ಕಿ ಚೆಲ್ಲಿದ್ದು ನನಗೆ ಯಾಕೆ ಹೇಳಲಿಲ್ಲ?" ಎಂದಳು.

"ಹೇಳಬೇಡ ಅಂದಿದ್ರು."

"ಹೇಳಿದ್ರೆ ನಿಮಗೆ ಬಯ್ತಿದ್ದೆ."

"ಅದೂ ಗೊತ್ತಿತ್ತು."

"ಅವತ್ತು ನನ್ನ ಫೋನು ಲಾಕರಲ್ಲಿತ್ತು" ಎಂದಳು ನಾದಿನಿ. ಅವಳ ಕಣ್ಣು ತುಂಬಿತ್ತು. "ಮಧ್ಯಾಹ್ನದವರೆಗೆ ತೆಗೆದು ನೋಡಲೇ ಇಲ್ಲ. ನಾಲ್ಕು ಸಲ ಮಾಡಿದ್ರಲ್ಲ ನೀವು."

"ಎರಡೇ ಸಲ."

"ನೀವು ಎರಡು, ಆಸ್ಪತ್ರೆಯಿಂದ ಎರಡು. ನನ್ನ ಕೈಗೆ ಸಿಕ್ಕಿದ್ರೂ ನಾನೇನು ಹೇಳ್ತಿದ್ದೆನೋ ಗೊತ್ತಿಲ್ಲ ಅತ್ತಿಗೆ. ಬಹುಶಃ ನೀವೇ ನೋಡ್ಕೊಳ್ಳಿ ಅಂತಿದ್ದೆ."

ಸೊಸೆ ಅವಳ ಹೆಗಲ ಮೇಲೆ ಕೈಯಿಟ್ಟಳು. ಇಬ್ಬರಿಗೂ ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ.

ಗಂಟೆ ಮೂರಾಗಿತ್ತು. ನರ್ಸು ಬರುವ ಗಡಿಬಿಡಿಯಲ್ಲಿ ಯಾರೂ ಊಟ ಮಾಡಿರಲಿಲ್ಲ. ಗಂಡ ಮಾಡಿದ ಅನ್ನವಿತ್ತು, ಬೇಯಿಸಿದ ತರಕಾರಿ ಇತ್ತು. ತಟ್ಟೆಗಳನ್ನು ಹಾಕಿ ನಾದಿನಿ ಬಡಿಸಲು ಎದ್ದಳು.

"ಕೂತ್ಕೋ" ಎಂದರು ಅತ್ತೆ.

"ನೀನು ದಣಿದಿದೀಯಮ್ಮ, ನಾನು..."

"ಬಡಿಸೋಕಾಗಲ್ಲ ಅಂತ ನಾನು ಹೇಳಿದ್ನಾ?"

ಅವರು ಮೇಜಿನ ಅಂಚು ಹಿಡಿದು ಎದ್ದರು. ಬಲಗೈಯ ಮುಷ್ಟಿಯನ್ನು ಪಾತ್ರೆಯ ಮಗ್ಗುಲಿಗೆ ಆನಿಸಿ, ಎಡಗೈಯಿಂದ ಅನ್ನ ತೆಗೆದು ಮೊದಲು ಮೊಮ್ಮಗಳ ತಟ್ಟೆಗೆ ಹಾಕಿದರು. ಅರ್ಧ ತಟ್ಟೆಗೆ, ಅರ್ಧ ಮೇಜಿಗೆ. ಮಗನ ತಟ್ಟೆಗೆ ಹಾಕುವಾಗ ನಿಂತು ಉಸಿರು ತೆಗೆದುಕೊಂಡರು. ಯಾರೂ ಎದ್ದು ಸಹಾಯಕ್ಕೆ ಹೋಗಲಿಲ್ಲ. ಚೆಲ್ಲಿದ್ದನ್ನು ಒರೆಸಲೂ ಹೋಗಲಿಲ್ಲ. ಸೊಸೆಯ ತಟ್ಟೆಯ ಸರದಿ ಬರುವ ಹೊತ್ತಿಗೆ ಅನ್ನ ಆರಿತ್ತು.

ಅವಳು ಒಂದು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಫೋನು ತೆಗೆದು, ನಾಲ್ಕು ಗಂಟೆಯ ಪಾಠದವರಿಗೆ ಅರ್ಧ ಗಂಟೆ ತಡವಾಗಿ ಬರುತ್ತೇನೆಂದು ಹೇಳಿದಳು.